ರಾತ್ರಿ ಊಟ ಬಿಟ್ಟರೂ ಬೆಳಿಗ್ಗೆ ಸಕ್ಕರೆ ಏರುವುದೇಕೆ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನಾನಿರುವ ತ್ಯಾಗರಾಜನಗರದಲ್ಲಿ ಬೆಳಗಿನ ವಾಕಿಂಗ್ ಹೊರಟವರು ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆ ಒಂದೇ: "ಡಾಕ್ಟ್ರೇ, ರಾತ್ರಿ ಊಟಾನೇ ಮಾಡಲಿಲ್ಲ, ಆದರೂ ಬೆಳಿಗ್ಗೆ ಷುಗರ್ ಜಾಸ್ತಿ ಬಂದಿದೆಯಲ್ಲ?" ಇಂದು ನಿಮ್ಮ ಊರಿಗೆ ಬಂದಾಗಲೂ ಇಬ್ಬರು ಇದನ್ನೇ ಕೇಳಿದರು. ಆದ್ದರಿಂದ ಬೇರೆ ಪೀಠಿಕೆ ಹಾಕದೆ ಇದಕ್ಕೇ ಉತ್ತರ ಹೇಳುತ್ತೇನೆ.

ನಮ್ಮ ಮೈಯಲ್ಲಿರುವ ಸುಮಾರು 5 ಲೀಟರ್ ರಕ್ತದಲ್ಲಿ ಸಕ್ಕರೆ ಎಷ್ಟಿರುತ್ತೆ ಗೊತ್ತೆ? ಒಂದು ಟೀ ಚಮಚದಷ್ಟು, 5 ಗ್ರಾಂ ಆಸುಪಾಸು. ಮಿದುಳಿಗೋ ಹಗಲೂ ರಾತ್ರಿ ಸಕ್ಕರೆ ಬೇಕು, ನಾವು ಮಲಗಿದರೂ ಅದಕ್ಕೆ ರಜೆಯಿಲ್ಲ. ಊಟವಿಲ್ಲದ ಹೊತ್ತಿನಲ್ಲಿ ಒದಗಿಸಲು ಒಂದು ಉಗ್ರಾಣ ಬೇಕಲ್ಲ, ಅದೇ ಲಿವರ್, ಅಂದರೆ ಯಕೃತ್ತು. ನಿಮ್ಮ ಸಂಘದ ಭಾಷೆಯಲ್ಲೇ ಹೇಳುವುದಾದರೆ, ಊಟವಾದ ಮೇಲೆ ಬಂದ ಸಕ್ಕರೆಯನ್ನು ಅಲ್ಲಿ ಜಮಾ ಮಾಡಿಸುವುದು ಇನ್ಸುಲಿನ್, ಹಸಿದಾಗ ವಾಪಸು ತೆಗೆಸುವುದು ಗ್ಲುಕಗಾನ್. ಎರಡೂ ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಯಲ್ಲಿ ತಯಾರಾಗುವ ಹಾರ್ಮೋನುಗಳು. ಇನ್ಸುಲಿನ್ನನ್ನು 1921ರಲ್ಲಿ ಕೆನಡಾದ ಟೊರಾಂಟೋದಲ್ಲಿ ಕಂಡುಹಿಡಿದರು. ಆಗ ಅದನ್ನು ದನ, ಹಂದಿಗಳ ಗ್ರಂಥಿಯಿಂದ ತೆಗೆಯಬೇಕಿತ್ತು. ಈಗ ಯೀಸ್ಟಿನಂಥ ಸೂಕ್ಷ್ಮಜೀವಿಗಳಿಂದ ಮಾಡಿಸುತ್ತಾರೆ; ನಮ್ಮ ಬೆಂಗಳೂರಿನ ಬಯೋಕಾನ್ 2004ರಲ್ಲಿ ಇನ್ಸುಜೆನ್ ಹೆಸರಿನಲ್ಲಿ ಮಾರಾಟಕ್ಕೆ ತಂದದ್ದು ಇಂಥದ್ದೇ.

ಉಗ್ರಾಣದ ಬಾಗಿಲು ತೆಗೆಸುವುದು ಗ್ಲುಕಗಾನ್ ಒಂದೇ ಅಲ್ಲ. ಬೆಳಗಿನ ಜಾವ ನಾವು ಏಳುವ ಮೊದಲೇ ಕಾರ್ಟಿಸಾಲ್ ಏರುತ್ತೆ. ರಾತ್ರಿ ಸುರಿದ ಬೆಳವಣಿಗೆಯ ಹಾರ್ಮೋನಿನ ಪ್ರಭಾವವೂ ಸೇರಿಕೊಳ್ಳುತ್ತೆ. ದಿನದ ಕೆಲಸಕ್ಕೆ ಬೇಕೆಂದು ಇವು ಯಕೃತ್ತಿನಿಂದ ಸಕ್ಕರೆ ಬಿಡಿಸುತ್ತವೆ. ಆರೋಗ್ಯವಂತರಲ್ಲಿ ಇನ್ಸುಲಿನ್ ತಾನೂ ಏರಿ ಲೆಕ್ಕ ಸರಿಮಾಡುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಇನ್ಸುಲಿನ್ ಸಾಲುವುದಿಲ್ಲ, ಇರುವಷ್ಟರ ಮಾತನ್ನೂ ಯಕೃತ್ತು ಕೇಳೋದಿಲ್ಲ. ಹೀಗಾಗಿ ಬೆಳಿಗ್ಗೆ ಕಾಣುವ ಸಕ್ಕರೆಯಲ್ಲಿ ಬಹುಪಾಲು ರಾತ್ರಿ ಯಕೃತ್ತೇ ಬಿಟ್ಟದ್ದು.

ಇದು ತಿಳಿಯದೆ ಕೆಲವರು ಆ ಅಂಕಿಗೆ ಹೆದರಿ ರಾತ್ರಿ ಮುದ್ದೆ ಬಿಡುತ್ತಾರೆ, ಮಾತ್ರೆ ಮಾತ್ರ ಬಿಡೋದಿಲ್ಲ. ಏಕಾದಶಿ ದಿನವೂ ಇದೇ ಕಥೆ. ಅಪಾಯ ಇರುವುದು ಇಲ್ಲೇ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಊಟ ತಪ್ಪಿದರೆ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗೆ ಹೋಗಬಹುದು. ಆಗ ಅಡ್ರಿನಾಲಿನ್ ಎಚ್ಚರಿಸುತ್ತೆ: ಬೆವರು, ಕೈ ನಡುಕ, ಎದೆ ಡವಡವ. ಬಹಳ ವರ್ಷದ ರೋಗಿಗಳಿಗೆ ಈ ಸೂಚನೆಯೂ ಸರಿಯಾಗಿ ಸಿಗದೆ, ನೇರವಾಗಿ ಮಾತು ತೊದಲುತ್ತದೆ. ಕುಡಿದಿದ್ದಾನೆ ಅಂತ ಮನೆಯವರೇ ಬೈಯುವುದುಂಟು! ಎಚ್ಚರವಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ತಡಮಾಡದೆ ಆಸ್ಪತ್ರೆಗೆ ಸೇರಿಸಿ.

ಉಪವಾಸ ಬೇಡ ಅಂದರೆ ನಮ್ಮ ತಾಯಂದಿರು ಕೇಳುವುದಿಲ್ಲ, ನನಗೂ ಗೊತ್ತು. ಆದರೆ ಅಂದು ಮಾತ್ರೆ ಎಷ್ಟು, ಇನ್ಸುಲಿನ್ ಎಷ್ಟು ಎಂಬುದನ್ನು ಮುಂಚಿತವಾಗಿಯೇ ನಿಮ್ಮ ಡಾಕ್ಟರನ್ನು ಕೇಳಿಕೊಳ್ಳಿ. ಬೆಳಗಿನ ಅಂಕಿ ದಿನವೂ ಹೆಚ್ಚಿದ್ದರೆ ಅದನ್ನು ಬರೆದಿಟ್ಟು ತೋರಿಸಿ. ಔಷಧಿಯ ಪ್ರಮಾಣ, ಹೊತ್ತು ಬದಲಿಸುವುದು ಅವರ ಕೆಲಸ. ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಬಹುದು.