ಸಮ್ಮೋಹನವೂ ವಶೀಕರಣದ ಭಯವೂ

ಸಮ್ಮೋಹನ ಚಿಕಿತ್ಸಕನ ಬಳಿಗೆ ಬರುವ ಅನೇಕರ ಮೊದಲ ಪ್ರಶ್ನೆ ರೋಗದ ವಿಷಯವಾಗಿರುವುದಿಲ್ಲ, “ನನ್ನ ಮನಸ್ಸು ನಿಮ್ಮ ವಶವಾಗಿಬಿಡುವುದೇ?” ಎಂಬುದಾಗಿರುತ್ತದೆ. 1894ರಲ್ಲಿ ಪ್ರಕಟವಾದ ‘ಟ್ರಿಲ್ಬಿ’ ಕಾದಂಬರಿಯ ಸ್ವೆಂಗಾಲಿಯೂ, ನಮ್ಮ ‘ವಶೀಕರಣ’ವೆಂಬ ಮಾತೂ ಈ ಭಯವನ್ನು ಬೆಳೆಸಿವೆ.

ಬಲ್ಲ ಚಿಕಿತ್ಸಕನು ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕನು. ಸಮ್ಮೋಹನವೆಂದರೆ ನಿದ್ರೆಯಲ್ಲ, ಒಂದೇ ಕಡೆ ನೆಟ್ಟ ಅವಧಾನ. ಅದಕ್ಕೆ ಕಾರಣ ಮಾಡುವವನಿಂದ ಹೊರಡುವ ಗೂಢಶಕ್ತಿಯಲ್ಲ, ಒಳಗಾಗುವವನ ಅವಧಾನವೇ ಎಂದು ಮ್ಯಾಂಚೆಸ್ಟರಿನ ವೈದ್ಯ ಜೇಮ್ಸ್ ಬ್ರೇಡ್ 1843ರ ತನ್ನ ಗ್ರಂಥದಲ್ಲಿಯೇ ಪ್ರತಿಪಾದಿಸಿದನು. ಆದುದರಿಂದ ಚಿಕಿತ್ಸಕನು ತಾನು ಏನು ಹೇಳುವೆನೆಂಬುದನ್ನು ಮೊದಲೇ ತಿಳಿಸಿ, ಒಪ್ಪಿಗೆ ಪಡೆದು, ಬೇಡವೆನಿಸಿದಾಗ ಕಣ್ಣು ತೆರೆಯಬಹುದೆನ್ನುತ್ತಾನೆ. ಬೇಕಾದರೆ ಆಪ್ತರೊಬ್ಬರು ಜೊತೆಗಿರಲಿ ಎನ್ನುತ್ತಾನೆ. ಅಪಾಯವೇ ಇಲ್ಲವೆಂದೂ ಹೇಳನು: ಸೂಚನೆಗೆ ಮಣಿದ ಮನಸ್ಸು ನಡೆಯದುದನ್ನೂ ನಡೆದಂತೆ ನೆನೆಯಬಹುದು.

ಆದರೆ ದೂರದಲ್ಲಿರುವವರಾರೋ ತನ್ನ ಆಲೋಚನೆಗಳನ್ನು ಈಗಾಗಲೇ ಆಳುತ್ತಿದ್ದಾರೆಂದು ದೃಢವಾಗಿ ನಂಬಿ, ಆ ಕಟ್ಟನ್ನು ಬಿಡಿಸಿರೆಂದು ಬೇಡುವವನ ವಿಷಯ ಬೇರೆ. ಅವನೊಡನೆ ವಾದಿಸುವುದು ವ್ಯರ್ಥ. ಸಮ್ಮೋಹನದಿಂದ ಬಿಡಿಸುತ್ತೇನೆನ್ನುವುದು ಆ ನಂಬಿಕೆಗೇ ಮುದ್ರೆಯೊತ್ತಿದಂತೆ. ಆದರೂ ಅವನ ಸಂಕಟ ನಿಜವಾದುದು. ಅದನ್ನು ಗೌರವದಿಂದ ಕೇಳಿ, ಶುಲ್ಕದ ಆಸೆಯನ್ನು ಬಿಟ್ಟು, ಮನೋರೋಗವೈದ್ಯರ ಬಳಿಗೆ ಕಳುಹಿಸುವುದೇ ಚಿಕಿತ್ಸಕನ ಧರ್ಮ. ತನ್ನ ವಿದ್ಯೆಯ ಎಲ್ಲೆಯನ್ನು ಬಲ್ಲವನ ಮುಂದೆ ಮಾತ್ರ ನಾವು ನಿಶ್ಚಿಂತೆಯಿಂದ ಕಣ್ಣು ಮುಚ್ಚಿ ಕುಳಿತುಕೊಳ್ಳಬಹುದು.