ಬೀಗದ ಕೈ ಯಾರ ಹತ್ತಿರ?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳು)



ಚಿಕ್ಕವರಿದ್ದಾಗ ನಾವೆಲ್ಲ 'ಕ' ಭಾಷೆ ಆಡಿದವರೇ. ಒಂದೊಂದು ಅಕ್ಷರಕ್ಕೂ 'ಕ' ಸೇರಿಸಿ, ದೊಡ್ಡವರಿಗೆ ತಿಳಿಯದ ಹಾಗೆ ಮಾತಾಡ್ತಿದ್ದೆವು. ಹೀಗೆ ಗುಟ್ಟು ಬಚ್ಚಿಡುವುದಕ್ಕೂ ಬಿಡಿಸುವುದಕ್ಕೂ ಒಂದು ವಿದ್ಯೆಯೇ ಇದೆ. ಅದು ಗೂಢಲಿಪಿ ಶಾಸ್ತ್ರ. ಹಿಂದಿನವರು ಎಣಿಸಿದ 64 ಕಲೆಗಳಲ್ಲಿ ಇದೂ ಒಂದು.

ವಿಶ್ವವಿದ್ಯಾನಿಲಯವೊಂದರ ಮುಂದುವರಿಕೆ ಶಿಕ್ಷಣದಲ್ಲಿ ನಾವು ದೊಡ್ಡವರಿಗೆ ಕಂಪ್ಯೂಟರ್ ಪಾಠ ಮಾಡಿದ್ದೇವೆ. ಮೊದಲ ವರ್ಷ ತಪ್ಪು ಮಾಡಿದೆವು. ಮಾನಿಟರ್, ಮೌಸ್, ಕೀಬೋರ್ಡ್ ಅಂತ ಹೆಸರುಗಳನ್ನೇ ಬರೆಸಿದೆವು. ಮೂರನೇ ವಾರಕ್ಕೆ ಅರ್ಧ ಬೆಂಚು ಖಾಲಿ! ಮರುವರ್ಷ ಕಂಪ್ಯೂಟರ್ ಮುಟ್ಟಿಸದೆ ಕಾಗದ, ಪೆನ್ಸಿಲ್ ಕೊಟ್ಟೆವು.

'ಕಮಲ' ಅಂತ ಬರೆಯಿರಿ. ವ್ಯಂಜನಗಳ ಸಾಲಿನಲ್ಲಿ ಪ್ರತಿ ಅಕ್ಷರವನ್ನೂ ಎರಡು ಹೆಜ್ಜೆ ಮುಂದೆ ಸರಿಸಿ. ಕ ಹೋಗಿ ಗ, ಮ ಹೋಗಿ ರ, ಲ ಹೋಗಿ ಶ. 'ಗರಶ' ಆಯಿತು. ರೋಮಿನ ಜೂಲಿಯಸ್ ಸೀಸರ್ ತನ್ನ ಪತ್ರಗಳನ್ನು ಬರೆಯುತ್ತಿದ್ದದ್ದೂ ಹೀಗೇ, ಮೂರು ಹೆಜ್ಜೆ ಸರಿಸಿ. ಇಲ್ಲಿ 'ಸರಿಸುವುದು' ಬೀಗ, 'ಎರಡು' ಎಂಬ ಸಂಖ್ಯೆ ಬೀಗದ ಕೈ. ಬೀಗ ಹೇಗೆ ಕೆಲಸ ಮಾಡುತ್ತದೆ ಅಂತ ಊರಿಗೆಲ್ಲ ಗೊತ್ತಿರಲಿ, ಕೈ ಮಾತ್ರ ಗುಟ್ಟಾಗಿರಬೇಕು ಅಂತ 1883ರಲ್ಲೇ ಕೆರ್ಕ್‌ಹಾಫ್ಸ್ ಎಂಬವರು ಬರೆದರು. ಬ್ಯಾಂಕಿನ ಕಂಪ್ಯೂಟರುಗಳೂ ಇದೇ ನಿಯಮದ ಮೇಲೆ ನಡೆಯುತ್ತವೆ.

ನಮ್ಮ 34 ವ್ಯಂಜನಗಳ ಆಟವನ್ನು ಹೆಚ್ಚೆಂದರೆ 33 ಸಲ ಪ್ರಯತ್ನಿಸಿದರೆ ಬಿಡಿಸಬಹುದು. ಎಟಿಎಂನ ನಾಲ್ಕು ಅಂಕಿಗೆ 10,000 ಸಾಧ್ಯತೆ, ಆರು ಅಂಕಿಯ ಒಟಿಪಿಗೆ 10 ಲಕ್ಷ. ಅಷ್ಟು ಗಟ್ಟಿ ಬೀಗವನ್ನು ಮುರಿಯುವ ಕಷ್ಟ ಕಳ್ಳನಿಗೆ ಯಾಕೆ? 'ಬ್ಯಾಂಕಿನಿಂದ ಮಾತಾಡ್ತಿದ್ದೇವೆ ಅಮ್ಮಾ' ಅಂತ ಫೋನಿನಲ್ಲಿ ಕೇಳ್ತಾನೆ, ನಾವೇ ಓದಿ ಹೇಳ್ತೇವೆ. ಸಂಘದ ಉಳಿತಾಯ ಹೋಗುವುದು ಹೀಗೆ.

'ಈ ವಯಸ್ಸಿನಲ್ಲಿ ನಮಗ್ಯಾಕೆ?' ಅನ್ನುವವರಿಗೆ ಒಬ್ಬ ಸಿಸ್ಟರ್ ಕಥೆ ಹೇಳ್ತೇವೆ. ಅಮೆರಿಕದ ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್ 1965ರಲ್ಲಿ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಆಗ ಅವರಿಗೆ ಐವತ್ತು ದಾಟಿತ್ತು. ಅಯೋವಾದ ಕ್ಲಾರ್ಕ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗ ತೆರೆದು ಇಪ್ಪತ್ತು ವರ್ಷ ನಡೆಸಿದರು. ಕೆಲಸಕ್ಕೆ ಹೋಗುವ ತಾಯಂದಿರಿಗೆ, ಕೂಸನ್ನೂ ಕರಕೊಂಡು ತರಗತಿಗೆ ಬನ್ನಿ ಅನ್ನುತ್ತಿದ್ದರು. ಡಾಕ್ಟರೇಟಿಗಿಂತ ಇದೇ ನಮಗೆ ದೊಡ್ಡದು ಅನ್ನಿಸಿದ್ದು.

ನಮ್ಮ ತರಗತಿಗೆ ಒಬ್ಬರು ಅಕ್ಕ ಬರುತ್ತಿದ್ದರು, ಸಂಘದ ಖಜಾಂಚಿ. ಎಟಿಎಂ ನಂಬರನ್ನು ಪಾಸ್‌ಬುಕ್ಕಿನ ಹಿಂದೆಯೇ ಬರೆದಿಟ್ಟಿದ್ದರು. ಹಣ ತರುವುದು ಅಕ್ಕನ ಮಗ. 'ಅವನು ನಮ್ಮವನೇ ಅಲ್ವಾ' ಅನ್ನೋರು. ಕಾಗದದ ಆಟ ಮುಗಿದ ವಾರ ಅವರೇ ಎಟಿಎಂಗೆ ಹೋಗಿ ನಂಬರ್ ಬದಲಾಯಿಸಿ ಬಂದರು. ಪಾಸ್‌ಬುಕ್ಕಿನ ಹಿಂದೆ ಹಳೇ ನಂಬರ್ ಹಾಗೇ ಇದೆ. ಹೊಸದು ಏನಕ್ಕಾ ಅಂತ ತಮಾಷೆಗೆ ಕೇಳಿದೆವು.

'ನಿಮಗ್ಯಾಕೆ ಬೇಕು?' ಅಂದರು.