ಅರಮನೆ ಬಿದ್ದ ಮೇಲೂ ಉಳಿದ ಹೊಲ

(ಕಲಬುರಗಿಯ ನೆಹರು ಗಂಜಿನಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸುಗ್ಗಿಯ ದಿನಗಳಲ್ಲಿ ಈ ಗಂಜಿಗೆ ತೊಗರಿಯ ಚೀಲಗಳು ಚಿತ್ತಾಪುರ, ಸೇಡಂ, ಜೇವರ್ಗಿ, ಆಳಂದ, ಅಫಜಲಪುರದ ಕಡೆಗಳಿಂದ ಬಂದು ಬೀಳುತ್ತವೆ. ಅಡತಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ದಿನವೂ ಕಾಣುವ ಈ ಊರುಗಳ ಹೆಸರು ಇತಿಹಾಸದ ಪುಸ್ತಕಗಳಲ್ಲಿಯೂ ಕಾಣುತ್ತದೆ. ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾ ತೀರದ ಸನ್ನತಿ ಇದೆ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ತೀರದ ಮಳಖೇಡ ಇದೆ. ಒಂದು ಶಾತವಾಹನರ ಕಾಲದ ಬೌದ್ಧ ನೆಲೆ, ಇನ್ನೊಂದು ರಾಷ್ಟ್ರಕೂಟರ ರಾಜಧಾನಿ. ತೊಗರಿಯ ಚೀಲವೂ ಈ ಪ್ರಾಚೀನ ಅವಶೇಷಗಳೂ ಒಂದೇ ನೆಲದಿಂದ ಬಂದವು ಎಂಬುದನ್ನು ನೆನಪಿಸುವುದೇ ಈ ಉಪನ್ಯಾಸದ ಉದ್ದೇಶ.

ಸನ್ನತಿಗೆ ಹೋಗುವ ಪ್ರವಾಸಿ ಮೊದಲು ಚಂದ್ರಲಾಂಬಾ ದೇವಿಯ ದರ್ಶನ ಪಡೆಯುತ್ತಾನೆ. ಕರ್ನಾಟಕ, ಮಹಾರಾಷ್ಟ್ರಗಳ ಅನೇಕ ಮನೆತನಗಳಿಗೆ ಆಕೆ ಕುಲದೇವತೆ. 1986ರಲ್ಲಿ ಆ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಡು ಕುಸಿದು ಬಿದ್ದಾಗ, ವಿಗ್ರಹದ ಪೀಠಕ್ಕೆ ಬಳಸಿದ್ದ ಕಲ್ಲು ಅಶೋಕನ ಶಾಸನವೆಂಬುದು ಬೆಳಕಿಗೆ ಬಂದಿತು. ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ದೊರೆತಿದ್ದ ಪ್ರತ್ಯೇಕ ಶಾಸನಗಳ ಪಾಠ ಈ ಕಲ್ಲಿನ ಮೇಲೂ ಇತ್ತು. ಅನಂತರ ಸಮೀಪದ ಕನಗನಹಳ್ಳಿಯಲ್ಲಿ 1990ರ ದಶಕದಿಂದ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ಮಹಾಸ್ತೂಪವೊಂದರ ಅವಶೇಷ ಹೊರಬಂದಿತು. ರಾಣಿಯೊಡನೆ ನಿಂತ ಅರಸನ ಶಿಲ್ಪ, ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಎಂಬ ಬರಹ. ಈ ಶಿಲ್ಪವನ್ನು ನೋಡಲೆಂದೇ ದೂರದಿಂದ ಜನ ಬರುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ, ಹಿಂದಿರುಗುತ್ತಾರೆ. ಸುತ್ತಲಿನ ಎರೆಭೂಮಿಯ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ.

ಇದು ಸನ್ನತಿಯೊಂದರ ಕಥೆಯಲ್ಲ. ಮೆಕ್ಸಿಕೋದ ಪೂರ್ವ ಕರಾವಳಿಯಾಚೆ, ಕೆರೀಬಿಯನ್ ಕಡಲಿನಲ್ಲಿ, ಕೊಸುಮೆಲ್ ಎಂಬ ಉಷ್ಣವಲಯದ ದ್ವೀಪವಿದೆ. ಅಲ್ಲಿನ ಕಾಡಿನ ನಡುವೆ ಸಾನ್ ಹೆರ್ವಾಸಿಯೋ ಎಂಬಲ್ಲಿ ಮಾಯಾ ಜನರ ಗುಡಿಗಳ ಅವಶೇಷಗಳಿವೆ. ಹೆರಿಗೆಗೂ ಮದ್ದಿಗೂ ಅಧಿದೇವತೆಯಾದ ಇಶ್‌ಚೆಲ್ ದೇವಿಯನ್ನು ಕಾಣಲು ಹೆಂಗಸರು ದೋಣಿಗಳಲ್ಲಿ ಕಡಲು ದಾಟಿ ಅಲ್ಲಿಗೆ ಯಾತ್ರೆ ಬರುತ್ತಿದ್ದರು. 1519ರಲ್ಲಿ ಸ್ಪೇನಿನ ಎರ್ನಾನ್ ಕೊರ್ತೆಸ್ ಆ ದ್ವೀಪದಲ್ಲಿ ಇಳಿದು ವಿಗ್ರಹಗಳನ್ನು ಒಡೆಯಿಸಿದ. ಮರುವರ್ಷವೇ ಸಿಡುಬು ಬಂದು ದ್ವೀಪದ ಜನರನ್ನು ಕೊಂಡೊಯ್ದಿತು. ಇಂದು ದೊಡ್ಡ ಹಡಗುಗಳಲ್ಲಿ ಬರುವ ಪ್ರವಾಸಿಗರು ಕೆಲವು ಗಂಟೆಗಳಲ್ಲಿ ಆ ಕಲ್ಲುಗಳನ್ನು ನೋಡಿ ಮುಗಿಸುತ್ತಾರೆ. ದ್ವೀಪದಲ್ಲಿ ಒಂದು ನದಿಯೂ ಇಲ್ಲದೆ ಅಷ್ಟು ಜನ ಹೇಗೆ ಬದುಕಿದ್ದರು ಎಂದು ಕೇಳುವವರು ವಿರಳ. ಸುಣ್ಣಕಲ್ಲು ಕುಸಿದು ಉಂಟಾದ ಸಹಜ ಹೊಂಡಗಳ ಸಿಹಿನೀರೇ ಅವರ ಆಧಾರವಾಗಿತ್ತು ಎಂಬುದು ಅದಕ್ಕೆ ಉತ್ತರ.

ಮಾಯಾ ಜನರ ಭೂಪ್ರದೇಶಕ್ಕೂ ಕಲಬುರಗಿ ಜಿಲ್ಲೆಯ ದಕ್ಷಿಣ ಭಾಗಕ್ಕೂ ಒಂದು ಸಾಮ್ಯವಿದೆ. ಎರಡೂ ಸುಣ್ಣಕಲ್ಲಿನ ನಾಡುಗಳು. ಮನೆಯ ನೆಲಕ್ಕೆ ಹಾಸುವ ಶಹಾಬಾದಿನ ಫರಸಿ, ಕನಗನಹಳ್ಳಿಯ ಶಿಲ್ಪಿ ಅಶೋಕನನ್ನು ಕಡೆದ ಚಪ್ಪಡಿ, ಸಿಮೆಂಟಿನ ಭಟ್ಟಿಗೆ ಹೋಗುವ ಕಲ್ಲು — ಮೂರೂ ಈ ಸೀಮೆಯ ಸುಣ್ಣಕಲ್ಲೇ. ಮಾಯಾ ಜನರೂ ಸುಣ್ಣಕಲ್ಲನ್ನು ಸುಟ್ಟು ತಮ್ಮ ಗೋಪುರಗಳಿಗೂ ಅಂಗಳಗಳಿಗೂ ಗಾರೆ ಬಳಿದರು. ಅದಕ್ಕೆ ಅಪಾರ ಕಟ್ಟಿಗೆ ಬೇಕಾಗಿತ್ತು. ಗಾರೆಗಾಗಿ ಕಾಡು ಬೋಳಾಗಿ, ಮಣ್ಣು ಕೊಚ್ಚಿಹೋಗಿ, ತಗ್ಗಿನ ಜವುಗು ಹೊಲಗಳ ಮೇಲೆ ಹೂಳು ಕವಿಯಿತೆಂದು ಕೆಲವು ವಿದ್ವಾಂಸರು ವಾದಿಸುತ್ತಾರೆ.

ಗ್ವಾಟೆಮಾಲಾದ ತಿಕಾಲ್ ನಗರದ ಕಥೆ ಇನ್ನೂ ಬೋಧಪ್ರದ. ಅಲ್ಲಿಯೂ ನದಿಯಿರಲಿಲ್ಲ, ಮಳೆಯ ನೀರನ್ನು ಕೆರೆಗಳಲ್ಲಿ ಹಿಡಿದು ನಗರವೇ ಬದುಕಿತ್ತು. ಅಲ್ಲಿನ ಒಂದು ಕೆರೆಯಲ್ಲಿ ಬಿಳಿಗಲ್ಲಿನ ಹರಳು ಮತ್ತು ಜಿಯೋಲೈಟ್ ಖನಿಜ ಬಳಸಿ ನೀರು ಸೋಸುವ ವ್ಯವಸ್ಥೆ ಇದ್ದುದನ್ನು 2020ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದೇ ವರ್ಷ ಪ್ರಕಟವಾದ ಮತ್ತೊಂದು ಅಧ್ಯಯನ ಅರಮನೆ ಮತ್ತು ದೇವಾಲಯಗಳ ಪಕ್ಕದ ಕೆರೆಗಳ ಹೂಳಿನಲ್ಲಿ ಪಾದರಸವನ್ನೂ ವಿಷಕಾರಿ ನೀಲಿ-ಹಸಿರು ಪಾಚಿಯ ಕುರುಹನ್ನೂ ಪತ್ತೆ ಹಚ್ಚಿತು. ಪವಿತ್ರವೆಂದು ಗೋಡೆಗಳಿಗೆ ಬಳಿದ ಇಂಗಳೀಕದ ಕೆಂಪು ಬಣ್ಣವೇ ಮಳೆಗೆ ತೊಳೆದು ಕುಡಿಯುವ ನೀರಿಗೆ ಇಳಿದಿತ್ತು. ಒಂಬತ್ತನೆಯ ಶತಮಾನದಲ್ಲಿ ಮೇಲಿಂದ ಮೇಲೆ ಬರ ಬಿದ್ದಿತು. ಆಳುವವರ ಯುದ್ಧಗಳು, ಹೆಚ್ಚಿದ ಜನಸಂಖ್ಯೆ, ಸವೆದ ಮಣ್ಣು ಎಲ್ಲವೂ ಕೂಡಿಬಂದು ನಗರಗಳು ಒಂದೊಂದಾಗಿ ಬರಿದಾದವು.

ಆದರೆ ಮಾಯಾ ಜನ ಅಳಿದರು ಎಂಬುದು ಸುಳ್ಳು. ಲಕ್ಷಾಂತರ ಜನ ಇಂದಿಗೂ ಮಾಯಾ ಭಾಷೆಗಳನ್ನಾಡುತ್ತಾರೆ. ಅವರ ಹೊಲಗಳಲ್ಲಿ ಮೆಕ್ಕೆಜೋಳ, ಅವರೆ ಜಾತಿಯ ಬಳ್ಳಿ, ಕುಂಬಳ ಈ ಮೂರೂ ಒಟ್ಟಿಗೆ ಬೆಳೆಯುತ್ತವೆ. ಜೋಳದ ದಂಟು ಬಳ್ಳಿಗೆ ಆಸರೆ. ಬಳ್ಳಿಯ ಬೇರುಗಂಟು ಮಣ್ಣಿಗೆ ಸಾರಜನಕ. ಕುಂಬಳದ ಅಗಲ ಎಲೆ ನೆಲಕ್ಕೆ ನೆರಳು. ‘ಮಿಲ್ಪಾ’ ಎಂದು ಕರೆಯುವ ಈ ಬೇಸಾಯ ಅರಸರಿಗಿಂತ ಮೊದಲೇ ಇತ್ತು, ಅರಸರು ಹೋದ ಮೇಲೂ ಉಳಿಯಿತು.

ಈ ಮಾತನ್ನು ಮಳಖೇಡಕ್ಕೆ ಅನ್ವಯಿಸಿ ನೋಡಬೇಕು. ನೃಪತುಂಗ ಅಮೋಘವರ್ಷನು 9ನೆಯ ಶತಮಾನದಲ್ಲಿ ಆಳಿದ, ಕವಿರಾಜಮಾರ್ಗ ಹುಟ್ಟಿದ ರಾಜಧಾನಿ ಅದು. ಕ್ರಿ.ಶ. 972ರಲ್ಲಿ ಪರಮಾರ ಸೀಯಕನು ಅದನ್ನು ಸೂರೆಗೊಂಡ. ಮರುವರ್ಷ ರಾಷ್ಟ್ರಕೂಟರ ಆಳ್ವಿಕೆಯೇ ಮುಗಿಯಿತು. ಕಲಬುರಗಿಯೂ 1347ರಲ್ಲಿ ಬಹಮನಿ ರಾಜಧಾನಿಯಾಗಿ, ಮುಂದಿನ ಶತಮಾನದಲ್ಲಿ ಆ ಪದವಿಯನ್ನು ಬೀದರಿಗೆ ಬಿಟ್ಟುಕೊಟ್ಟಿತು. ಬೀದರಿನ ಸುರಂಗ ಬಾವಿ ಇಂದಿಗೂ ಆ ಕಾಲದ ನೀರಿನ ಜಾಣ್ಮೆಯನ್ನು ಹೇಳುತ್ತದೆ. ಅರಸೊತ್ತಿಗೆಗಳು ಹೀಗೆ ಬಂದವು, ಹೋದವು. ಜೋಳ, ತೊಗರಿಗಳು ಹೋಗಲಿಲ್ಲ. ಬಳ್ಳಾರಿಯ ಬಳಿಯ ಸಂಗನಕಲ್ಲಿನ ಉತ್ಖನನದಲ್ಲಿ ಸುಮಾರು 3,400 ವರ್ಷಗಳಷ್ಟು ಹಳೆಯ ತೊಗರಿಯ ಅವಶೇಷ ದೊರೆತಿದೆ. ಅಂದರೆ ಕನಗನಹಳ್ಳಿಯ ಸ್ತೂಪಕ್ಕಿಂತ ತೊಗರಿ ಹಳೆಯದು, ಅಶೋಕನಿಗಿಂತಲೂ ಹಳೆಯದು. ಈ ನಾಡಿನ ಅತಿ ಪುರಾತನ ಸ್ಮಾರಕಗಳಲ್ಲಿ ಒಂದು ದಿನವೂ ಈ ಗಂಜಿನ ತಕ್ಕಡಿಯ ಮೇಲೆ ತೂಗುತ್ತದೆ.

2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಕಮಲಾಪುರದ ಕೆಂಪು ಬಾಳೆಗೆ ಆ ಮಾನ್ಯತೆ ಅದಕ್ಕೂ ಮೊದಲೇ ದೊರೆತಿತ್ತು. ಈ ಮಾನ್ಯತೆ ಹೇಳುವುದಿಷ್ಟೇ: ಈ ರುಚಿ ಈ ಮಣ್ಣಿನದು, ಬೇರೆಡೆ ಬಾರದು. ಹಾಗಿದ್ದ ಮೇಲೆ ಮಣ್ಣು ಕೆಟ್ಟರೆ ಮಾನ್ಯತೆಯ ಪತ್ರ ಯಾವ ಪ್ರಯೋಜನಕ್ಕೂ ಬಾರದು.

ಮಣ್ಣು ಕೆಡುತ್ತಿರುವ ಲಕ್ಷಣಗಳು ಈಗಾಗಲೇ ಕಾಣುತ್ತಿವೆ. ತೊಗರಿಯ ಹಿಂದೆ ತೊಗರಿಯನ್ನೇ ಬಿತ್ತಿದ ಹೊಲದಲ್ಲಿ ನೆಟೆ ರೋಗದ ಶಿಲೀಂಧ್ರ ಬೇರು ಕೂಳೆಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹೂವು ಕಾಯಿ ಬಿಡುವ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತದೆ. 2022ರ ಹಂಗಾಮಿನಲ್ಲಿ ಈ ಜಿಲ್ಲೆಯ ರೈತರು ಅದರ ಹೊಡೆತವನ್ನು ಕಂಡರು. ಜೋಳದೊಡನೆ ಬೆಳೆದ ತೊಗರಿಯಲ್ಲಿ ಈ ರೋಗ ಕಡಿಮೆಯೆಂಬುದು ಪ್ರಯೋಗಗಳಿಂದ ಸ್ಥಿರಪಟ್ಟಿದೆ. ಹಿರಿಯರು ಜೋಳ, ತೊಗರಿಗಳನ್ನು ಸಾಲು ಬೆರೆಸಿ ಬಿತ್ತುತ್ತಿದ್ದುದು ಕೇವಲ ರೂಢಿಯಾಗಿರಲಿಲ್ಲ. ಅದು ಈ ಸೀಮೆಯ ಮಿಲ್ಪಾ. ಜೋಳಕ್ಕೆ ಬೆಲೆಯಿಲ್ಲದೆ ಅದು ಹೊಲದಿಂದ ಹೊರಬಿದ್ದಾಗ ತೊಗರಿಯ ಕಾವಲುಗಾರನೇ ಹೋದಂತಾಯಿತು.

ಇನ್ನು ಅವಶೇಷಗಳ ರಕ್ಷಣೆಯ ವಿಚಾರ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯಿದೆಯ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ. ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಸಂರಕ್ಷಿತ ಪ್ರದೇಶದ ಗಡಿಯಿಂದ ಅಳೆದರೆ ಒಟ್ಟು 300 ಮೀಟರ್. ಈ ಕಾಯಿದೆ ಅಗತ್ಯವೇ. ಅದಿಲ್ಲದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಆದರೆ ನೀರು 300 ಮೀಟರಿಗೆ ನಿಲ್ಲುವುದಿಲ್ಲ. ಸನ್ನತಿಯಲ್ಲಿ ಭೀಮೆಗೆ ಸೇತುವೆ ಸಹಿತ ಬ್ಯಾರೇಜು ಕಟ್ಟಲಾಗಿದೆ. ನದಿಯ ನೀರು ನಿಂತ ಕಡೆ ಸುತ್ತಲಿನ ಅಂತರ್ಜಲದ ಮಟ್ಟ ಏರುವುದು ಸಹಜ. ಏರಿದ ನೀರು ಎರೆಮಣ್ಣಿನ ಲವಣಗಳನ್ನು ಕರಗಿಸಿ ಮೇಲಕ್ಕೆ ತರುತ್ತದೆ. ನೀರು ಆರಿದಾಗ ಲವಣ ಕಲ್ಲಿನ ಮೈಯಲ್ಲಿ ಹರಳುಗಟ್ಟಿ ಅದನ್ನು ಪದರ ಪದರವಾಗಿ ಎಬ್ಬಿಸುತ್ತದೆ. ಇದೇ ಲವಣ ಹೊಲದಲ್ಲಿ ಉಳಿದರೆ ಭೂಮಿ ಸವುಳಾಗುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅಡಿಪಾಯವೂ ಅಲುಗುತ್ತದೆ. ಶಿಲ್ಪಕ್ಕೆ ಬರುವ ರೋಗವೂ ಹೊಲಕ್ಕೆ ಬರುವ ರೋಗವೂ ಒಂದೇ ನೆಲದ ನೀರಿನಿಂದ ಬರುತ್ತವೆ; ಒಂದನ್ನು ಪುರಾತತ್ತ್ವದವರಿಗೂ ಇನ್ನೊಂದನ್ನು ಕೃಷಿಯವರಿಗೂ ಹಂಚಿಕೊಟ್ಟು ಸುಮ್ಮನಿರಲಾಗದು.

ಮಲೆನಾಡಿನ ಜನರಿಗೂ ಇದು ದೂರದ ಸಂಗತಿಯಲ್ಲ. ಭೀಮಾ ನದಿ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದ ಕಾಡಿನಲ್ಲಿ. 861 ಕಿಲೋಮೀಟರ್ ಹರಿದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುವ ಮುನ್ನ ಅದು ಸನ್ನತಿಯನ್ನು ಮುಟ್ಟಿ ಹೋಗುತ್ತದೆ. 2020ರ ಅಕ್ಟೋಬರಿನ ಪ್ರವಾಹದಲ್ಲಿ ಈ ಜಿಲ್ಲೆಯ ಎಷ್ಟೋ ಊರು ಹೊಲಗಳು ಭೀಮೆಯ ನೀರಿನಲ್ಲಿ ಮುಳುಗಿದವು. ನದಿಯ ಮೇಲ್ಭಾಗದ ಕಾಡು, ಅಣೆಕಟ್ಟು, ಬಯಲಿನ ಹೊಲ, ಸ್ತೂಪದ ಚಪ್ಪಡಿ ಎಲ್ಲವೂ ಒಂದೇ ಜಲಾನಯನದಲ್ಲಿವೆ.

ಹಾಗಾದರೆ ಮಾಡಬೇಕಾದುದೇನು? ಸನ್ನತಿ, ಕನಗನಹಳ್ಳಿ, ಮಳಖೇಡಗಳ ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನೂ ಲವಣಾಂಶವನ್ನೂ ಪ್ರತಿವರ್ಷ ಅಳೆದು ಗ್ರಾಮ ಪಂಚಾಯಿತಿಯ ಫಲಕದಲ್ಲಿ ಬರೆಯಬೇಕು. ಇದಕ್ಕೆ ದೊಡ್ಡ ಹಣ ಬೇಕಿಲ್ಲ. ಕಾಲೇಜಿನ ವಿದ್ಯಾರ್ಥಿಗಳೂ ಮಾಡಬಲ್ಲರು. ಹೊಸ ಗಣಿಗೆ ಅನುಮತಿ ಕೊಡುವ ಮುನ್ನ, ತೆಗೆಯುವ ಮೇಲ್ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ಅಹವಾಲು ಸಭೆಯಲ್ಲಿ ರೈತರು ಕೇಳಬೇಕು. ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷ ಬೇಕು. ಹೊಲದ ಒಡ್ಡುಗಳನ್ನು ಮತ್ತೆ ಗಟ್ಟಿ ಮಾಡಬೇಕು. ಜೋಳವನ್ನು ತೊಗರಿಯ ಸಾಲಿನ ನಡುವೆ ಮತ್ತೆ ಕರೆತರಬೇಕು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ ನೆಟೆ ರೋಗವನ್ನು ತಡೆಯುವ ತಳಿಗಳನ್ನು ಕೊಟ್ಟಿದೆ. ತಳಿಯ ಜೊತೆಗೆ ಬೆಳೆ ಬದಲಾವಣೆಯೂ ಇದ್ದರೆ ಮಾತ್ರ ಅವು ಬಾಳುತ್ತವೆ. ಗಂಜಿನ ವರ್ತಕರು ಜೋಳಕ್ಕೆ ನ್ಯಾಯವಾದ ಬೆಲೆ ಕೊಟ್ಟರೆ ಅದೇ ಒಂದು ಸಂರಕ್ಷಣಾ ಕಾರ್ಯ.

ಸನ್ನತಿಗೆ ಹೋಗುವವರು ಅಶೋಕನ ಶಿಲ್ಪವನ್ನು ಅವಶ್ಯವಾಗಿ ನೋಡಲಿ. ಆಮೇಲೆ ಬೇಲಿಯಿಂದಾಚೆ ಬಂದು, ಒಂದು ಹಿಡಿ ಎರೆಮಣ್ಣನ್ನು ಎತ್ತಿಕೊಂಡು, ಆ ಹೊಲದ ಒಡೆಯನೊಡನೆ ನಾಲ್ಕು ಮಾತನಾಡಲಿ. ಒಡೆದ ಚಪ್ಪಡಿಯನ್ನು ಜೋಡಿಸುವ ತಜ್ಞರು ಸಿಗುತ್ತಾರೆ. ಹೋದ ಮಣ್ಣನ್ನು ಜೋಡಿಸುವ ತಜ್ಞರು ಇನ್ನೂ ಹುಟ್ಟಿಲ್ಲ.